ಅಲಾರಂ ಹೊಡೆದ ಮೂರು ಸೋಮವಾರ

ಆಗ ನಾನು ಸವದತ್ತಿ–ರಾಮದುರ್ಗ ನಡುವಿನ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಮೇಂಟೆನೆನ್ಸ್ ಎಂಜಿನಿಯರ್. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆ ಹಂಗಾಮಿನಲ್ಲಿ ಕಬ್ಬು ಅರೆಯುವ ಮಿಲ್ಲಿನ ಗೇರ್‌ಬಾಕ್ಸ್‌ಗೆ ಡೀಪ್ ಲರ್ನಿಂಗ್ ವ್ಯವಸ್ಥೆ ಕೂರಿಸಿದೆವು. ಬೇರಿಂಗ್ ಮೇಲಿನ ಸೆನ್ಸರ್ ಕಂಪನ ಅಳೆಯುತ್ತದೆ. ಆರೋಗ್ಯವಂತ ಯಂತ್ರ ಹೇಗೆ ನಡುಗುತ್ತದೆ ಎಂಬುದನ್ನು ಕಂಪ್ಯೂಟರ್ ಹಳೆಯ ದಾಖಲೆಗಳಿಂದ ತಾನೇ ಕಲಿತು, ಬೇರೆ ಥರ ನಡುಗಿದರೆ ಅಲಾರಂ ಹೊಡೆಯುತ್ತದೆ. ಆರು ವಾರ ಮಿಲ್ಲಿನ ಪಕ್ಕ ನಿಂತು ಆ ದಾಖಲೆ ಮಾಡಿದವನು ನಾನೇ.

ವ್ಯವಸ್ಥೆ ಚಾಲೂ ಆದ ಮೊದಲ ಸೋಮವಾರವೇ ಅಲಾರಂ ಹೊಡೆಯಿತು. ಅದು ನನ್ನ ವಾರದ ರಜೆ. ಮನೆಯಿಂದ ಓಡಿ ಬಂದೆ. ಮಿಲ್ ನಿಲ್ಲಿಸಿ ಬಿಚ್ಚಿ ನೋಡಿದರೆ ಬೇರಿಂಗ್ ಹೊಸದರಂತಿತ್ತು. ಮರು ಸೋಮವಾರವೂ ಅದೇ ಕಥೆ. ಸೆನ್ಸರ್ ಬದಲಿಸಿದೆ, ಕೇಬಲ್ ಬದಲಿಸಿದೆ. ತಲೆ ಚಿಟ್ಟು ಹಿಡಿದುಹೋಯಿತು.

ಮಿಲ್ ಆಪರೇಟರ್ ಫಕೀರಪ್ಪ ಸುರೇಬಾನದವನು. ಹನ್ನೊಂದು ಹಂಗಾಮು ದುಡಿದರೂ ಕಾಯಂ ಆಗಿರಲಿಲ್ಲ. ಆ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಕೊನೆಗೂ ಅವನ ಹೆಸರು ಬಂದಿತ್ತು.

"ಸಾಹೇಬ್ರ, ಇವತ್ತ ಮಿಲ್ ಸಾವಕಾಶ ಓಡಾಕ ಹತ್ತೇತ್ರಿ. ಅದಕ್ಕ ಸಪ್ಪಳ ಬ್ಯಾರೆ ಐತಿ. ಬೇರಿಂಗ್ ಚಲೋ ಐತ್ರಿ" ಎಂದು ಆ ಎರಡನೇ ಸೋಮವಾರ ಮಿಲ್ ಬಿಚ್ಚುವ ಮೊದಲೇ ಹೇಳಿದ್ದ.

"ನಿನಗಿಂತ ಆ ಕಂಪ್ಯೂಟರಿಗೆ ಹೆಚ್ಚು ತಿಳೀತೈತಿ, ಸುಮ್ಮನಿರು" ಎಂದು ಗದರಿದೆ.

ಮೂರನೇ ಸೋಮವಾರ ನಾನು ಬರುವುದು ತಡವಾಯಿತು. ಮಿಲ್ ನಿಂತರೆ ರಸ ಹುಳಿಯುತ್ತದೆಂದು ಫಕೀರಪ್ಪ ಅಲಾರಂ ಬಂದ್ ಮಾಡಿ ಮಿಲ್ ಓಡಿಸಿದ. ಯಂತ್ರಕ್ಕೆ ಏನೂ ಆಗಲಿಲ್ಲ. ಆದರೆ ಅಲಾರಂ ಹೊಡೆದರೆ ಮಿಲ್ ನಿಲ್ಲಿಸಬೇಕೆಂಬ ಆರ್ಡರ್ ಮೀರಿದನೆಂದು ಮ್ಯಾನೇಜರ್ ಅವನಿಗೆ ಎಚ್ಚರಿಕೆ ಪತ್ರ ಕೊಟ್ಟು ಪಟ್ಟಿಯಿಂದ ಹೆಸರು ಹೊಡೆದುಹಾಕಿದರು. ಯಾಕೆ ಹೀಗೆ ಮಾಡಿದೆ ಎಂದು ಸಿಟ್ಟಿನಿಂದಲೇ ಕೇಳಿದೆ.

"ಸ್ವಾಮಾರ ಎತ್ತು ಹೂಡಂಗಿಲ್ಲಲ್ರಿ. ಕಬ್ಬು ತರೋ ಚಕ್ಕಡಿ ಬರಂಗಿಲ್ಲ, ಕಬ್ಬು ಕಮ್ಮಿ. ಮಿಲ್ ನಿಲ್ಲಬಾರದಂತ ನಾವ ವೇಗ ಇಳಸ್ತೀವಿ. ಇದು ನಿಮಗ ಗೊತ್ತಿಲ್ಲೇನ್ರಿ?"

ಗೊತ್ತಿತ್ತು. ದೊಡವಾಡದ ನಮ್ಮ ಮನೆಯಲ್ಲೂ ಬಸವಣ್ಣನ ವಾರವೆಂದು ಸೋಮವಾರ ಯಾರೂ ಎತ್ತಿನ ಹೆಗಲಿಗೆ ನೊಗ ಇಟ್ಟವರಲ್ಲ. ಆದರೂ ನನ್ನ ಆರು ವಾರದ ದಾಖಲೆಯಲ್ಲಿ ಒಂದೂ ಸೋಮವಾರ ಇರಲಿಲ್ಲ, ಅದು ನನ್ನ ರಜೆಯ ದಿನ. ಪೂರ್ತಿ ವೇಗವನ್ನಷ್ಟೇ ಕಂಡಿದ್ದ ಕಂಪ್ಯೂಟರ್‌ಗೆ ನಿಧಾನವೇ ರೋಗವಾಗಿ ಕಂಡಿತ್ತು. ನನ್ನ ಮೇಲೆ ನನಗೇ ಸಿಟ್ಟು ಬಂತು, ನಾಚಿಕೆಯೂ ಆಯಿತು.

ನನ್ನ ರಜೆ ಬಿಟ್ಟುಕೊಟ್ಟು ಸೋಮವಾರಗಳನ್ನೂ ದಾಖಲಿಸಿದೆ. ಕಂಪನದ ಜೊತೆ ಶಾಫ್ಟ್ ತಿರುಗುವ ವೇಗವನ್ನೂ ಕೊಟ್ಟು ಕಂಪ್ಯೂಟರ್‌ಗೆ ಮತ್ತೆ ಕಲಿಸಿದೆ. ಸುಳ್ಳು ಅಲಾರಂ ನಿಂತಿತು. ತಪ್ಪು ನನ್ನದೇ ಎಂದು ಮ್ಯಾನೇಜರಿಗೆ ಬರೆದುಕೊಟ್ಟೆ.

"ಆರ್ಡರ್ ಮೀರಿದ್ದಂತೂ ಖರೇ ಅಲ್ಲೇನ್ರಿ" ಎಂದು ಅವರು ಅದನ್ನು ಪಕ್ಕಕ್ಕಿಟ್ಟರು.

ದಾಖಲೆ ಶುರು ಮಾಡುವ ಮೊದಲು, ಯಂತ್ರ ಯಾವ್ಯಾವ ದಿನ ಬೇರೆ ಥರ ಓಡುತ್ತದೆ ಎಂದು ಅದನ್ನು ಓಡಿಸುವವನನ್ನೇ ಕೇಳಬೇಕು. ನಾನು ಕಲಿತ ಪಾಠ ಇಷ್ಟೇ. ಕಂಪ್ಯೂಟರ್‌ಗೆ ಸೋಮವಾರ ಕಲಿಸಲು ಒಂದು ತಿಂಗಳು ಸಾಕಾಯಿತು. ಫಕೀರಪ್ಪನ ಫೈಲಿನಿಂದ ಆ ಎಚ್ಚರಿಕೆ ಪತ್ರ ತೆಗೆಸಲು ನಾನು ನಿವೃತ್ತನಾಗುವವರೆಗೂ ಆಗಲಿಲ್ಲ. ಅವನು ಈಗಲೂ ಕಾಯಂ ಆಗಿಲ್ಲ.