ತೆಂಗಿನ ಗರಿಯ ಕೆಳಗಿನ ಮನೆಗಳು

ಕಟ್ಟಾಯ ಹಳ್ಳಿಯ ಪ್ರೇಮಕುಮಾರಿಗೆ ಸಿಟ್ಟು ಬಂದರೆ ಕಚೇರಿಯ ಕನ್ನಡ ಮರೆತೇ ಹೋಗುತ್ತದೆ. ಹಾಸನದ ಸಣ್ಣ ಕಂಪನಿಯೊಂದರಲ್ಲಿ ಹನ್ನೊಂದು ವರ್ಷದಿಂದ ಆಕೆಯದು ಒಂದೇ ಕೆಲಸ: ಉಪಗ್ರಹ ತೆಗೆದ ಚಿತ್ರ ನೋಡಿ ನಕ್ಷೆಯಲ್ಲಿ ಮನೆಗಳನ್ನು ಗುರುತಿಸುವುದು. ಈ ಸಲ ಬಂದದ್ದು ಸಮುದ್ರದ ನಡುವಿನ ಒಂದು ಪುಟ್ಟ ದ್ವೀಪ. ಚಂಡಮಾರುತ ಬಂದರೆ ಎಷ್ಟು ದೋಣಿ ಕಳಿಸಬೇಕೆಂದು ಈ ನಕ್ಷೆ ನೋಡಿಯೇ ತೀರ್ಮಾನಿಸುತ್ತಾರೆ.

ದ್ವೀಪದ ತುಂಬ ತೆಂಗು. ಮೇಲಿನಿಂದ ಕಾಣುವುದು ಬರೀ ಗರಿ. ಮೇಲ್ವಿಚಾರಕ ಸಿದ್ದೇಶ್ವರ ಅಷ್ಟೂ ಜಾಗಕ್ಕೆ 'ತೋಟ, ಜನವಸತಿ ಇಲ್ಲ' ಎಂದು ಬರೆದು ಕೈತೊಳೆದುಕೊಂಡಿದ್ದ.

"ತ್ವಾಟದಲ್ಲಿ ಜನ ಇರಲ್ಲ ಅಂತ ಯಾರೇಳಿದ್ರು ಸಾ? ಕಾಲುದಾರಿ ನೋಡಿ, ಮರದ ಸಂದೀಲಿ ಒಳೀಕೆ ಓಗೈತೆ. ಅಲ್ಲಿಯೋರಿಗೆ ಫೋನ್ ಮಾಡಿ ಕೇಳಿ."

"ಕಾಣದ್ದನ್ನ ಬರೆಯೋಕಾಗಲ್ಲ ಕಣಮ್ಮ. ಇವತ್ತೇ ಕಳಿಸಬೇಕು."

ಪ್ರೇಮಕುಮಾರಿ ಚನ್ನರಾಯಪಟ್ಟಣದ ಪಕ್ಕದಲ್ಲಿರುವ ಸಿದ್ದೇಶ್ವರನ ಸ್ವಂತ ತೋಟದ ಚಿತ್ರ ತೆರೆದಳು. ಹೋದ ವರ್ಷ ತಾನೇ ಹಬ್ಬದೂಟ ಉಂಡು ಬಂದ ಹೆಂಚಿನ ಮನೆ ಅಲ್ಲಿತ್ತು. ಅದರ ಮೇಲೂ ಬರೀ ಗರಿ. 'ತೋಟ, ಜನವಸತಿ ಇಲ್ಲ' ಎಂದು ಬರೆದು ಪರದೆಯನ್ನು ಅವನತ್ತ ತಿರುಗಿಸಿದಳು.

"ಇದ್ನೂ ಇವತ್ತೇ ಕಳ್ಸನಾ ಸಾ? ಇಲ್ಲಾ, ಮನೇಲಿ ಯಾರವ್ರೆ ಅಂತ ಒಂದು ಫೋನ್ ಮಾಡೀರಾ?"