ಅವ್ವನಿಗೆ ಉಳಿದ ದನಿ

ಗಂಟನ್ನು ಮೊದಲು ಕಂಡುಹಿಡಿದದ್ದು ಕಣ್ಣು ಕಾಣದ ಅವ್ವ.

ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದವಳ ಬೆರಳು ನನ್ನ ಕತ್ತಿನ ಮುಂದೆ ನಿಂತಿತು. "ಏನೇ ಇದು, ಅಡಿಕೆ ನುಂಗ್ದಂಗೈತೆ?" ಎಂದಳು. ನಾನು ನಕ್ಕೆ. ಮುಂದಿನ ಬೇಸಿಗೆಗೆ ಅದು ನಿಂಬೆಹಣ್ಣಿನಷ್ಟಾಯಿತು. ತರೀಕೆರೆಯ ಡಾಕ್ಟರು ಥೈರಾಯ್ಡ್ ಎಂದರು. ಆಪರೇಷನ್ನಿಗೆ ಶಿವಮೊಗ್ಗಕ್ಕೆ ಬರೆದುಕೊಟ್ಟರು.

ಅವ್ವ ಬೇಡವೆಂದಳು.

ಹಿರೇನಲ್ಲೂರಿನ ನಮ್ಮ ಚಿಕ್ಕಮ್ಮನಿಗೆ ಇದೇ ಆಪರೇಷನ್ ಆಗಿತ್ತು. ಗಂಟಿನ ಜೊತೆ ದನಿಯೂ ಹೋಯಿತು. ಈಗ ಅವಳು ಮಾತಾಡಿದರೆ ಬರೀ ಉಸಿರು. ಎದುರಿಗಿದ್ದವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಅವ್ವ ಹೇಗೆ ನೋಡುತ್ತಾಳೆ? ನನ್ನ ಬಾಲ್ಯದಲ್ಲೇ ಅವಳ ಕಣ್ಣು ಹೋಗಿತ್ತು. ಅಂದಿನಿಂದ ಅವಳಿಗೆ ನಾನೆಂದರೆ ಹೊಸ್ತಿಲಲ್ಲಿ ಕೇಳುವ ಕೂಗು, ಸಂಜೆ ಪೇಪರ್ ಓದುವ ದನಿ.

ಆದರೆ ಮಲಗಿದರೆ ನನಗೆ ಉಸಿರು ಕಟ್ಟತೊಡಗಿತು. ನಾನೂ ಅಣ್ಣನೂ ಅಜ್ಜಂಪುರದಿಂದ ಬೀರೂರಿಗೆ ಹೋಗಿ, ಅಲ್ಲಿ ರೈಲು ಬದಲಿಸಿ ಶಿವಮೊಗ್ಗಕ್ಕೆ ಹೋದೆವು.

ಸರ್ಜನ್ ವಯಸ್ಸಾದವರು. "ದನಿಯ ನರ್ವ್ ಥೈರಾಯ್ಡಿನ ಬೆನ್ನಿಗೇ ಹಾದು ಹೋಗುತ್ತಮ್ಮ, ಹೊಲಿಗೆ ದಾರದ ಹಾಗೆ. ಮೊದಲು ಅದನ್ನ ಹುಡುಕಿ ಕಣ್ಣಾರೆ ನೋಡ್ತೀನಿ. ಆಮೇಲೇ ಕತ್ತರಿ."

"ಸಿಗದಿದ್ರೆ ಸಾರ್?"

"ಸಿಗೋವರೆಗೂ ಹುಡುಕ್ತೀನಿ."

ಎಚ್ಚರವಾದಾಗ ಕತ್ತಿನ ಸುತ್ತ ದಪ್ಪ ಬ್ಯಾಂಡೇಜು. ಜಾಸ್ತಿ ಮಾತಾಡಿಸಬೇಡಿ ಎಂದಿದ್ದರಂತೆ ನರ್ಸ್. ಅಣ್ಣ ಅಷ್ಟಕ್ಕೇ ಹೆದರಿ, "ತುಟಿ ಬಿಚ್ಬ್ಯಾಡ, ನರ ಕಿತ್ತೋಗ್ತೈತೆ" ಎಂದು ಗದರಿದ. ನಾನೂ ನಂಬಿದೆ.

ಮಾರನೆಯ ದಿನ ಅತ್ತಿಗೆ ಅವ್ವನನ್ನು ವಾರ್ಡಿಗೆ ಕರೆತಂದಳು.

"ಎಲ್ಲಿದ್ದೀಯೇ?" ಅವ್ವ ಬಾಗಿಲಲ್ಲೇ ಕೇಳಿದಳು.

ನಾನು ಅಣ್ಣನ ಮುಖ ನೋಡಿದೆ.

"ಮಾತಾಡ್ಬಾರ್ದಂತೆ ಅವ್ವ" ಎಂದ ಅಣ್ಣ.

ಅವಳು ಮಂಚ ತಡವಿ ನನ್ನ ಕೈ ಹಿಡಿದಳು. "ಸುಳ್ಳು ಹೇಳ್ಬ್ಯಾಡ ಕಣೋ. ಹೋಯ್ತು ಅಂತ ಹೇಳು." ಅವಳ ಕೆನ್ನೆ ಒದ್ದೆಯಾಗಿತ್ತು.

ಅಷ್ಟರಲ್ಲಿ ಸರ್ಜನ್ ರೌಂಡ್ಸಿಗೆ ಬಂದರು. ವಿಷಯ ಕೇಳಿ ಅಣ್ಣನನ್ನೊಮ್ಮೆ ನೋಡಿದರು. "ಮಾತಾಡಿದ್ರೆ ಕಿತ್ತು ಹೋಗೋ ನರ್ವ್ ಅಲ್ಲಪ್ಪಾ ಅದು. ಎರಡೂ ಕಡೆ ನೋಡಿ, ಜೋಪಾನವಾಗಿ ಬಿಟ್ಟು ಬಂದಿದ್ದೀನಿ. ಕೂಗಮ್ಮ ನಿಮ್ಮ ತಾಯೀನ."

ಹೆದರುತ್ತಲೇ ಬಾಯಿ ತೆರೆದೆ.

"ಅವ್ವಾ."

ಸ್ವಲ್ಪ ಒರಟಾಗಿತ್ತು. ಆದರೆ ನನ್ನದೇ ದನಿ. ಪಕ್ಕದ ಮಂಚದವರೂ ತಿರುಗಿ ನೋಡಿದರು. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಅಣ್ಣನ ಕಡೆ ತಿರುಗಿದಳು. "ಡಾಕ್ಟ್ರು ಇವಳ ನರ ಉಳಿಸವ್ರೆ. ನಿನ್ನ ತಲೇನೂ ಒಸಿ ಬಿಚ್ಚಿ ನೋಡ್ಲಿ ಕಣೋ."

ವಾರ್ಡೆಲ್ಲ ನಕ್ಕಿತು. ಸರ್ಜನ್ ಕೂಡ ನಕ್ಕರು.

ಅವ್ವ ಹೋದ ತಿಂಗಳು ತೀರಿಕೊಂಡಳು. ಕಾಯಿಲೆ ಅಂತೇನಿಲ್ಲ, ವಯಸ್ಸು. ಹಿಂದಿನ ಸಂಜೆಯವರೆಗೂ ಪೇಪರ್ ಓದಿಸಿಕೊಂಡಿದ್ದಳು. ಕೊನೆಯ ಮಧ್ಯಾಹ್ನ ಕೈಕಾಲು ತಣ್ಣಗಾದವು. ನಾನು ಕೈ ಹಿಡಿದದ್ದೂ ಅವಳಿಗೆ ತಿಳಿಯಲಿಲ್ಲ. ಕಿವಿಯ ಹತ್ತಿರ ಬಾಗಿ ಕೂಗಿದೆ. ಮತ್ತೆ ಮತ್ತೆ ಕೂಗಿದೆ.

"ಕೇಳ್ತೈತೆ ಕಣೇ" ಎಂದಳು. "ನಾನೇನು ಕಿವುಡೀನಾ?"