ಏಡಿ, ಕುಂಕುಮ ಮತ್ತು ಆಟೋಫೋಕಸ್

ಕಳೆದ ಭಾನುವಾರ ನಮ್ಮ ಅತ್ತೆ ಕಾಲುವೆಯ ನೀರಿಗೆ ಅರಿಶಿನ-ಕುಂಕುಮ ಹಾಕಿದರು. ನನ್ನ ಗಂಡನ ಕ್ಯಾಮೆರಾ ಏಡಿಯನ್ನು ಬಿಟ್ಟು ಆ ಕುಂಕುಮದ ಫೋಟೋ ತೆಗೆಯಿತು!

ನಡೆದದ್ದು ಇಷ್ಟು. ಶಹಾಪುರದ ಹತ್ತಿರ ನಮ್ಮ ಹೊಲದ ಪಕ್ಕದ ಕಾಲುವೆಗೆ ನೀರು ನಿಲ್ಲಿಸಿದ್ದರು. ಹರಿಯುವಾಗ ಬರೀ ರಾಡಿ. ನಿಂತ ಮೇಲೆ ತಗ್ಗಿನಲ್ಲಿ ಉಳಿದ ನೀರು ತಿಳಿಯಾಗುತ್ತದೆ. ಅಲ್ಲೊಂದು ತಾಯಿ ಏಡಿ, ಹೊಟ್ಟೆಯಡಿ ಮರಿಗಳು. ಮರುದಿನ ಮತ್ತೆ ನೀರು ಬಿಡುವವರಿದ್ದರು. ಫೋಟೋ ಸಿಕ್ಕರೆ ಅವತ್ತೇ ಸಿಗಬೇಕು.

ಏಡಿಯ ಫೋಟೋಗೆ ಇಷ್ಟೇಕೆ ಒದ್ದಾಟ ಅಂತೀರಾ? ಏಡಿ ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಬರುತ್ತವೆ, ತಾಯಿ ಸಾಯುತ್ತದೆ ಅಂತ ನಮ್ಮ ಕಡೆ ಮಾತಿದೆ. ಅತ್ತೆಯನ್ನು ಹೆತ್ತ ದಿನವೇ ಅವರ ಅವ್ವ ತೀರಿಕೊಂಡಿದ್ದಳು. ಊರವರು ಆ ಕೂಸನ್ನು ಕರೆದದ್ದು "ಏಡಿ ಮರಿ" ಅಂತ. ಏಡಿಯ ಆ ಮಾತು ಸುಳ್ಳು ಎಂದು ಸೈನ್ಸ್ ಮಾಸ್ತರರಾದ ನನ್ನ ಗಂಡ ಎಷ್ಟು ಹೇಳಿದರೂ ಅತ್ತೆ ನಂಬಿಲ್ಲ. ನೀರೊಳಗಿನ ಸಣ್ಣದು ಅವರ ಕಣ್ಣಿಗೆ ಕಾಣದು. ಎತ್ತಿ ತೋರಿಸಲು ಹೋದರೆ ಏಡಿ ಬಿಲ ಸೇರುತ್ತದೆ. ಹಾಗಾಗಿ ವಾಟರ್‌ಪ್ರೂಫ್ ಕ್ಯಾಮೆರಾ.

"ಸಾಯೋ ತಾಯಿ ಅದಾಳ, ಬರಿಗೈಲೆ ಹೆಂಗ ನೋಡ್ಲಿ?" ಎನ್ನುತ್ತ ಅತ್ತೆ ಅರಿಶಿನ-ಕುಂಕುಮ ಉದುರಿಸಿದರು. (ಅವರ ಸೆರಗಿನ ಗಂಟಿನಲ್ಲಿ ಸದಾ ಸ್ಟಾಕ್ ಇರುತ್ತದೆ.)

ಆಟೋಫೋಕಸ್‌ಗೆ ಭಕ್ತಿ ಉಕ್ಕಿತು. ಅಷ್ಟು ಹತ್ತಿರದಿಂದ ತೆಗೆಯುವಾಗ ಅದು ಮುಂದೆ ತೇಲಿದ್ದನ್ನೇ ಹಿಡಿಯುತ್ತದೆ. ಕುಂಕುಮದ ಒಂದೊಂದು ಕಣವೂ ಸ್ಪಷ್ಟ, ಹಿಂದೆ ಏಡಿ ಮಬ್ಬು ಮಬ್ಬು.

"ಏನ್ ಮಾಡಿದಿ ಯವ್ವಾ!" ಗಂಡ ತಲೆ ಹಿಡಿದುಕೊಂಡರು.

"ಮ್ಯಾನುವಲ್‌ಗೆ ಹಾಕ್ರಿ," ಅಂದೆ.

"ನೀರಾಗ ಫೋಕಸ್ ತಿರುಗಿಸ್ಕೋತ ಕುಂದ್ರಲೇನು?"

"ತಿರುಗಸಬ್ಯಾಡ್ರಿ. ಒಂದ ಕಡೆ ಸೆಟ್ ಮಾಡಿ ಬಿಡ್ರಿ, ಕೈ ಹಿಂದ-ಮುಂದ ಮಾಡ್ರಿ. ಅತ್ತಿ ಜ್ವಾಳ ಹಸನ ಮಾಡೋವಾಗ ಮೊರ ದೂರ ಹಿಡಿದು, ಹತ್ರ ತಂದು ನೋಡ್ತಾರಲ್ರಿ, ಹಂಗ."

(ಓದುಗರಲ್ಲಿ ತಜ್ಞರಿದ್ದರೆ ಬಯ್ಯಬೇಡಿ. ಓಡುವ ಮೀನಿಗೆ ಆಟೋ ಇರಲಿ. ಕುಂತ ಏಡಿಗೆ ಕೈಯೇ ಸರಿ.)

ಮೊಣಕೈತನಕ ನೀರಲ್ಲಿ ಕೈಯಿಟ್ಟು, ಉಸಿರು ಬಿಗಿಹಿಡಿದು ಗಂಡ ತೆಗೆದೇ ತೆಗೆದರು. ಕೊನೆಗೂ ಒಂದು ಚೊಕ್ಕವಾಗಿ ಬಂತು. ಅತ್ತೆ ಸೆರಗಿನಿಂದ ಸ್ಕ್ರೀನ್ ಒರೆಸಿ ಒರೆಸಿ ನೋಡಿದರು.

"ಜೀವಂತ ಅದಾಳೇನೋ?"

"ಹ್ಞೂಂ ಯವ್ವಾ, ಅದಾಳ. ಮರಿ ಹೊರಗ ಬಂದು ಆಕಿ ಕಾಲ ಮ್ಯಾಲ ಕುಂತಾವ, ನೋಡು."

ಅತ್ತೆ ಸ್ಕ್ರೀನಿನ ಮೇಲಿನ ಮರಿಗಳನ್ನು ಬೆರಳಿನಿಂದ ಸವರಿದರು. ಆಮೇಲೆ ಮೆಲ್ಲಗೆ ಕೇಳಿದರು: "ಹಂಗಾದ್ರ, ಮರೀದೇನೂ ತಪ್ಪಿಲ್ಲಲ್ಲ?"

ಗಂಡ ಅವರ ಕೈ ಹಿಡಿದುಕೊಂಡರು.

ಫೋಟೋ ಈಗ ದೇವರ ಜಗಲಿಯ ಮೇಲಿದೆ. (ಅದಕ್ಕೂ ಕುಂಕುಮ ಬಿದ್ದಿದೆ.) ಒಂದು ಕೂಸಿಗೆ "ನಿಂದೇನೂ ತಪ್ಪಿಲ್ಲ" ಅನ್ನಲು ಇಡೀ ಊರಿಗೆ ಯಾಕೆ ಬಾಯಿ ಬರಲಿಲ್ಲ?